ಅವಳು ಮೊದಲು ಹೇಳಿದ್ದು ಅವನಿಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಮತ್ತೆ ಶುರು. ಗೋಡೆಯ ಆಚೆ ತಂಗಿ, ಈಚೆ ಅಡುಗೆಮನೆಯಲ್ಲಿ ನಾನು. ನಲ್ಲಿ ನಿಲ್ಲಿಸಿದರೆ ಎಲ್ಲ ಕೇಳುತ್ತದೆ. ನಿಲ್ಲಿಸಿದೆ.

"ಅಪ್ಪಾ, ಇವತ್ತು ಸ್ಕೂಲಲ್ಲಿ ಇನ್ಸ್‌ಪೆಕ್ಷನ್. ಹೆಡ್ ಮಿಸ್ಸು ನಿನ್ನೆಯಿಂದ ಉರಿದು ಬೀಳ್ತಿದಾರೆ. ನಂಗೂ ತಳಮಳ. ಜೊತೆಗಿರು, ಆಯ್ತಾ?"

ಆಯ್ತಾ ಅಂತೆ. ದೇವರಿಗೆ. ಕೈ ಮುಗಿದು ನಡುಗುವುದಿಲ್ಲ, ದೊಡ್ಡ ದೊಡ್ಡ ಮಾತಿಲ್ಲ. ಕೆಲಸಕ್ಕೆ ಹೊರಟ ಅಪ್ಪನ ಹಿಂದೆ ಬಾಗಿಲ ತನಕ ಹೋಗುತ್ತಾ ಹೇಳುವ ಹಾಗೆ.

ಚರ್ಚಿಗೆ ಹೋಗಲು ಶುರು ಮಾಡಿ ಮೂರು ವರ್ಷ. ಬೇಡ ಅನ್ನಲಿಲ್ಲ. ಭಾನುವಾರ ಹೋಗಿ ಹಾಡಿ ಬರುತ್ತಾಳೆ, ಹೋಗಲಿ, ಅಂದುಕೊಂಡಿದ್ದೆ. ಹೀಗೆ ದಿನಾ ಬೆಳಿಗ್ಗೆ ಮನೆಯೊಳಗೆ ಒಬ್ಬ ಅಪ್ಪನನ್ನು ಕರೆತಂದು ಕೂರಿಸಿಕೊಳ್ಳುತ್ತಾಳೆ ಅಂತ ಯಾರಿಗೆ ಗೊತ್ತಿತ್ತು.

ನಮ್ಮ ಅಪ್ಪ, ಅಮ್ಮ ಒಂದೇ ಬಸ್ಸಿನಲ್ಲಿ ಹೋದರು. ಬಸ್ಸು ವಾಪಸ್ಸು ಬರಲಿಲ್ಲ. ಆಗ ಅವಳಿಗೆ ನಾಲ್ಕು, ನನಗೆ ಹದಿನೇಳು. ಈಗ ಮೂವತ್ಮೂರು, ನಲವತ್ತಾರು. ಇಷ್ಟು ವರ್ಷ ಅವಳ ಬಾಯಿಗೆ 'ಅಪ್ಪ' ಬೇಕಾಗಿರಲಿಲ್ಲ. ಅಕ್ಕ ಅಂದರೆ ಸಾಕಿತ್ತು.

ಮಾರ್ಚ್ 9, ಭಾನುವಾರ

ಟೈಲರಮ್ಮ ಬಂದಿದ್ದಳು, ಇವಳನ್ನು ಚರ್ಚಿಗೆ ಕರೆದುಕೊಂಡು ಹೋಗಲು. ಬಸ್ ಸ್ಟಾಂಡಿನ ಹಿಂದೆ ಬ್ಲೌಸ್ ಹೊಲಿಯುವವಳು. ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಕತ್ತಿನಲ್ಲಿ ಅಳತೆ ಟೇಪು ತೆಗೆಯುವುದನ್ನೇ ಮರೆತಿದ್ದಳು.

ಇವಳು ಒಳಗಿನಿಂದ: "ಅಕ್ಕಾ, ಎರಡೇ ನಿಮಿಷ, ಬಂದೆ."

"ನಿಧಾನಕ್ಕೆ ಬಾ, ನಾನೇನು ಓಡ್ತಿದೀನಾ," ಅಂದೆ ನಾನು.

"ನಿಧಾನಕ್ಕೆ ಬಾಮ್ಮ," ಅಂದಳು ಟೈಲರಮ್ಮ.

ಇಬ್ಬರೂ ಒಟ್ಟಿಗೆ. ಕರೆದದ್ದು ಅವಳನ್ನು. ನಾನು ಪಾತ್ರೆಯ ಕಡೆ ತಿರುಗಿ, ತೊಳೆದ ಲೋಟವನ್ನೇ ಇನ್ನೊಂದು ಸಲ ತೊಳೆದೆ.

ಮಾರ್ಚ್ 12, ಬುಧವಾರ. 6.50

ಬರೆದು ಮುಗಿಸಿ ಕೆಲಸಕ್ಕೆ ಹೋಗಬೇಕು.

ಇವತ್ತು ಪಿಸುಮಾತು. ಗೋಡೆಗೆ ಕಿವಿ ಕೊಟ್ಟೆ. ಹೌದು, ಕೊಟ್ಟೆ.

"ಅಪ್ಪಾ, ಕತ್ತಲ್ಲಿ ಗಂಟಿದೆ ಅಂದ್ರು. ಸೂಜಿ ಹಾಕಿ ನೋಡಿದ್ರು, ಏನೂಂತ ಗೊತ್ತಾಗ್ಲಿಲ್ವಂತೆ. ಆಪರೇಷನ್ನೇ ಆಗ್ಬೇಕಂತೆ. ನಂಗೆ ತುಂಬಾ ಭಯ ಆಗ್ತಿದೆ… ಅಕ್ಕಂಗೆ ಹೇಗೆ ಹೇಳ್ಲಿ?"

ಆಮೇಲೆ ಅಳು. ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವ ಅಳು. ಅವಳು ಹೀಗೆ ಅಳುವುದನ್ನು ನಾನು ನೋಡಿಯೇ ಇಲ್ಲ. ನನ್ನೆದುರು ಅವಳು ಕಣ್ಣು ಒರೆಸಿಕೊಂಡು ನಗುತ್ತಾಳೆ.

ಗಂಟು. ಸೂಜಿ. ಆಪರೇಷನ್. ಎಲ್ಲ ಅವನಿಗೆ ಗೊತ್ತು. ಒಂದೇ ತಟ್ಟೆಯಲ್ಲಿ ಉಣ್ಣಿಸಿ ಬೆಳೆಸಿದವಳು ಗೋಡೆಯ ಈಚೆ ಕಳ್ಳಿಯ ಹಾಗೆ ನಿಂತು ತಿಳಿದುಕೊಳ್ಳಬೇಕು.

ಹತ್ತು ನಿಮಿಷಕ್ಕೆ ಮುಖ ತೊಳೆದು ಬಂದಳು. "ಅಕ್ಕ, ಟೀ ಘಮ್ ಅಂತಿದೆ," ಅಂದಳು.

ಮೊದಲು ಬಂದದ್ದು ಗಂಟಿನ ಭಯ ಅಲ್ಲ, ಹೊಟ್ಟೆಕಿಚ್ಚು. ಇದನ್ನು ಇಲ್ಲಿ ಬಿಟ್ಟರೆ ಇನ್ನೆಲ್ಲಿ ಬರೆಯಲಿ.

ಮಾರ್ಚ್ 15, ಶನಿವಾರ

ಮೂರು ದಿನ ಕಾದೆ. ದಾರಿ ಮಾಡಿಕೊಟ್ಟೆ. "ಯಾಕೋ ಸುಸ್ತಾದ ಹಾಗಿದೀಯಲ್ಲ?" ಇಲ್ಲಕ್ಕ. "ಕತ್ತು ನೋವಾ, ಸ್ಕಾರ್ಫ್ ಹಾಕಿದೀಯ?" ಚಳಿ ಅಕ್ಕ. ಮಾರ್ಚಿನಲ್ಲಿ ಚಳಿ.

ಲ್ಯಾಬಿನಲ್ಲಿ ಒಂದು ಸೆಟ್ ಹಾಳು ಮಾಡಿದೆ. ಇಪ್ಪತ್ತೈದು ವರ್ಷದಿಂದ ಹಲ್ಲಿನ ಸೆಟ್ ಮಾಡುತ್ತಿದ್ದೇನೆ. ಡಾಕ್ಟರು ಕಳಿಸಿದ ಪ್ಲಾಸ್ಟರ್ ಅಚ್ಚು ನೋಡಿದರೆ ಸಾಕು, ಆ ಮನುಷ್ಯ ಯಾವ ಕಡೆ ಅಗಿಯುತ್ತಾನೆ ಹೇಳಬಲ್ಲೆ. ಇವತ್ತು ಒಬ್ಬ ಮುದುಕನ ಮೇಲ್ದವಡೆಗೆ ಮೇಣದಲ್ಲಿ ಹಲ್ಲು ಕೂರಿಸುತ್ತಾ ಎಡದ ಕೋರೆಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟಿದ್ದೆ. ಎರಡೂ ನಾಯಿಯ ಹಲ್ಲಿನ ಹಾಗೆ ಹೊರಚಾಚಿದ್ದವು.

ಓನರ್ ಕನ್ನಡಕ ಮೇಲೆತ್ತಿ ನೋಡಿದರು. "ಏನಮ್ಮ, ಇವರನ್ನ ಯಾರ ಮೇಲಾದ್ರೂ ಛೂ ಬಿಡ್ಬೇಕಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಣ ಕರಗಿಸಿ ಮೊದಲಿಂದ ಶುರು ಮಾಡಿದೆ.

ಮಾರ್ಚ್ 18, ಮಂಗಳವಾರ. ಸಂಜೆ

ಕೇಳಿಬಿಟ್ಟೆ. ಊಟಕ್ಕೆ ಕೂತಾಗ.

"ಯಾವಾಗ ಹೇಳ್ಬೇಕು ಅಂತಿದ್ದೆ?"

"ಏನನ್ನ?"

"ಕತ್ತಿನ ಗಂಟು."

ಚಮಚ ಕೆಳಗಿಟ್ಟಳು. "ಯಾರು ಹೇಳಿದ್ರು?"

"ಗೋಡೆ ಹೇಳ್ತು."

ಸಿಟ್ಟಾಗುತ್ತಾಳೆ ಅಂದುಕೊಂಡೆ. ಆಗಲಿಲ್ಲ. "ಸಾರಿ ಅಕ್ಕ," ಅಂದಳು. ಅವಳ ಈ ಸಾರಿ ಕೇಳಿ ಕೇಳಿ ಸಾಕಾಗಿದೆ.

"ನಿನ್ನ ಸಾಕಿದ್ದು ನಾನು. ಅವನಲ್ಲ."

"ಹೌದು. ಅದನ್ನ ಅವನಿಗೂ ಹೇಳಿದೀನಿ."

"ಏನಂದ?"

"ಗೊತ್ತು ಅಂದ."

ನಗು ಬರುವ ಹಾಗಿತ್ತು, ತಡೆದೆ. "ಆಸ್ಪತ್ರೆಗೆ ಯಾರ ಜೊತೆ ಹೋಗಿದ್ದೆ?"

"ಟೈಲರ್ ಅಕ್ಕನ ಜೊತೆ."

ಅಲ್ಲಿಗೆ ನಗು ಹೋಯಿತು. ಏನೇನೋ ಅಂದೆ. ನಿನಗೋಸ್ಕರ ಯಾವ ಮನೆಗೂ ಸೊಸೆಯಾಗಿ ಹೋಗಲಿಲ್ಲ, ಅಂತಲೂ ಅಂದೆ. ಯಾವತ್ತೂ ಅನ್ನಬಾರದು ಅಂತ ಇಟ್ಟುಕೊಂಡಿದ್ದ ಮಾತು.

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ, ಒಂದೊಂದೇ ಮಾತು.

"ಅಕ್ಕ, ನಂಗೆ ನೆಗಡಿ ಆದ್ರೂ ನಿನ್ನ ಮುಖ ಹೇಗಾಗುತ್ತೆ ಗೊತ್ತಾ? ಚಿಕ್ಕೋಳಿದ್ದಾಗಿಂದ ನೋಡ್ತಿದೀನಿ. ನಾನು ಬಿದ್ರೆ ಮೊದ್ಲು ನಿನ್ನ ಸಮಾಧಾನ ಮಾಡ್ಬೇಕು. ಆಮೇಲೆ ಮಂಡಿ ನೋಡ್ಕೋಬೇಕು. ನಿನ್ನೆದುರು ನಾನು ಹೆದರೋ ಹಾಗಿಲ್ಲ, ನೀನು ಇನ್ನೂ ಹೆದರ್ತೀಯ. ಅವನ ಹತ್ರ ಹೆದರಬಹುದು. ಅವನು ಹೆದರಲ್ಲ."

"ಅದಕ್ಕೆ ಅಪ್ಪ ಅನ್ನೋದಾ? ನಮ್ಮಪ್ಪನ್ನ ಮರೆತು?"

"ಮರೆಯಕ್ಕೆ ನಂಗೆ ಅವರ ಮುಖಾನೇ ಗೊತ್ತಿಲ್ಲ. ಫೋಟೋ ಗೊತ್ತು. ನಿಂಗೆ ಹದಿನೇಳು ವರ್ಷ ಇದ್ರು. ಅವರು ಹೇಗೆ ಸೀನ್ತಿದ್ರು ಅಂತ ಕೂಡ ಗೊತ್ತು ನಿಂಗೆ. ನೀನು ಅದನ್ನೆಲ್ಲ ಹೇಳ್ತಿದ್ದಾಗ ನಂಗೆ ಎಷ್ಟು ಹೊಟ್ಟೆ ಉರೀತಿತ್ತು…"

ಅವಳಿಗೆ, ನನ್ನ ಮೇಲೆ.

ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ 21, ಶುಕ್ರವಾರ. 6.45

ಇವತ್ತು ಕಿವಿ ಕೊಡುವ ಅಗತ್ಯವೇ ಇರಲಿಲ್ಲ. ಬೀದಿಗೆ ಕೇಳುವ ಹಾಗಿತ್ತು.

"ಎಷ್ಟು ಸಲ ಕೇಳ್ದೆ ನಿನ್ನ? ಕರಗಿಸಿಬಿಡು ಅಂದೆ. ನಿಂಗೇನು ಕಷ್ಟ? ದನಿ ಹೋದ್ರೂ ಹೋಗಬಹುದು ಅಂತಾರೆ ಡಾಕ್ಟ್ರು. ಒಂದನೇ ಕ್ಲಾಸು ಮಕ್ಕಳಿಗೆ ನಾನು ಕೈಸನ್ನೇಲಿ ಪಾಠ ಮಾಡ್ಲಾ? ಹೋಗು, ನಿನ್ನ ಹತ್ರ ಮಾತಾಡಲ್ಲ."

ಏನೋ ದಢಾರ್ ಅಂತ ಬಿತ್ತು. ದಿಂಬಲ್ಲ, ಗಟ್ಟಿಯಾದದ್ದೇ.

ನಾನು ಸೌಟು ಹಿಡಿದು ಹಾಗೇ ನಿಂತೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನನ್ನ ಮೇಲೆ ದನಿ ಎತ್ತಿದವಳಲ್ಲ. ಹೊಸ ಬಟ್ಟೆ ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಅಂದಳು. ನಾನು ಹೇಳಿದ ಕಾಲೇಜಿಗೇ ಸೇರಿದಳು. ಒಳ್ಳೆಯ ಹುಡುಗಿ, ಒಳ್ಳೆಯ ಹುಡುಗಿ ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವನಿಗೆ ಮಾತ್ರ ಬೈಗುಳ, ಮುನಿಸು, ಗಲಾಟೆ.

ಬೈಸಿಕೊಂಡದ್ದಕ್ಕೂ ಅವನ ಮೇಲೆ ಹೊಟ್ಟೆಕಿಚ್ಚು. ನನಗೆ ಹುಚ್ಚು ಹಿಡಿಯುತ್ತಿದೆಯೋ ಏನೋ.

ಮಾರ್ಚ್ 23, ಭಾನುವಾರ

ಎರಡು ದಿನ ಆ ಕಡೆ ಸದ್ದಿಲ್ಲ. ಚರ್ಚಿಗೂ ಹೋಗಲಿಲ್ಲ. ಬಿರುಕು ಬಿತ್ತು ಅಂತ ಒಳಗೊಳಗೇ ಖುಷಿ. ತರಕಾರಿ ಹೆಚ್ಚುತ್ತಾ ಹಾಡು ಗುನುಗಿದೆ. ನಾಚಿಕೆ ಇಲ್ಲದವಳು.

ಸಂಜೆ ಐದಕ್ಕೆ ರೂಮಿನಿಂದ ನಗು. "ಆಯ್ತಪ್ಪ, ಆಯ್ತು. ಸಿಟ್ಟು ಹೋಗಿಲ್ಲ ನಂಗೆ. ಆದ್ರೂ ನೀನಿಲ್ದೆ ನನ್ ಕೈಲಾಗಲ್ಲ."

ಆಮೇಲೆ ಕೇಳಿದೆ, ತಡೆಯಲಾಗದೆ. "ಕೇಳಿದ್ದು ಕೊಡದವನು ಎಂಥ ಅಪ್ಪ?"

"ಕೇಳಿದ್ದೆಲ್ಲ ನೀನು ಕೊಟ್ಯಾ ಅಕ್ಕ? ಸೈಕಲ್ ಕೇಳಿದ್ದೆ, ಕೊಡಿಸ್ಲಿಲ್ಲ. ಅಕ್ಕ ಅಲ್ಲ ನೀನು ಅಂದ್ನಾ?"

"ಬೀಳ್ತೀಯ ಅಂತ ಕೊಡಿಸ್ಲಿಲ್ಲ."

"ಗೊತ್ತು. ಆಗ ಗೊತ್ತಿರ್ಲಿಲ್ಲ."

ಮಾರ್ಚ್ 28, ಶುಕ್ರವಾರ. ಆಸ್ಪತ್ರೆಯಲ್ಲಿ, ಬೆಳಿಗ್ಗೆ 11

ಒಳಗೆ ಕರೆದುಕೊಂಡು ಹೋಗಿ ಒಂದೂವರೆ ಗಂಟೆ. ಬಾಗಿಲ ಮೇಲೆ ಕೆಂಪು ದೀಪ.

ಟೈಲರಮ್ಮ ನನ್ನ ಪಕ್ಕದ ಕುರ್ಚಿಯಲ್ಲಿ. ನಡುವೆ ಒಂದು ಕುರ್ಚಿ ಬಿಟ್ಟು ಕೂತಿದ್ದೆ. ಅವಳೇ ಸರಿದು ಬಂದಳು.

"ನಿಮ್ಗೆ ನನ್ನ ಕಂಡ್ರೆ ಆಗಲ್ಲ ಅಲ್ವಾ?"

ನಾನು ಆಸ್ಪತ್ರೆಯ ಫೈಲು ಜೋಡಿಸತೊಡಗಿದೆ.

"ಪರವಾಗಿಲ್ಲ ಬಿಡಿ. ನಂಗೂ ಒಬ್ಬ ಅಕ್ಕ ಇದ್ದಿದ್ರೆ ಹೀಗೇ ಇರ್ತಿದ್ಲು." ನೀರಿನ ಬಾಟಲಿ ನನ್ನ ಕೈಗಿಟ್ಟಳು. "ಗಂಡ ಮನೆಯಿಂದ ಆಚೆ ಹಾಕ್ದಾಗ ನಂಗೆ ಹೋಗಕ್ಕೆ ಒಂದು ಹೊಸಿಲು ಇರ್ಲಿಲ್ಲ. ನಂಗೂ ಒಬ್ಬ ತಂದೆ ಇದಾನೆ ಅಂತ ಆಮೇಲೆ ಗೊತ್ತಾಯ್ತು. ತಂದೆ ಒಬ್ಬನೇ ಅಂದ್ಮೇಲೆ ಅವಳು ನಂಗೆ ತಂಗಿ ತಾನೇ?"

ಹಾಗಾದರೆ ನಾನು ನಿನಗೆ ಏನಾಗಬೇಕು ಅಂತ ಕೇಳಲಿಲ್ಲ. ಇನ್ನೊಂದು ಕೇಳಿದೆ. "ನನ್ನ ವಿಷಯ ಏನಾದ್ರೂ ಹೇಳ್ತಾಳಾ ಅವನ ಹತ್ರ?"

"ಅಯ್ಯೋ, ಚಾಡಿ. ನಮ್ಮಕ್ಕ ನನ್ನ ಸೀನೂ ಎಣಿಸ್ತಾಳೆ, ಚಪ್ಪಲಿ ಬದಲಾಯ್ಸಿದ್ರೂ ಯಾಕೇಂತಾಳೆ, ನೀನೇ ಬುದ್ಧಿ ಹೇಳಪ್ಪಾ ಅಂತ." ನಕ್ಕಳು. "ಮನೇಲಿ ದೊಡ್ಡೋರ ಮೇಲೆ ಮಕ್ಕಳು ಹೇಳ್ತಾರಲ್ಲ, ಹಾಗೆ."

ನೀರು ಕುಡಿದೆ. ನೆತ್ತಿಗೆ ಹತ್ತಿತು. ಅವಳು ಬೆನ್ನು ತಟ್ಟಿದಳು. ತಟ್ಟಲಿ ಅಂತ ಬಿಟ್ಟೆ.

ದೀಪ ಆರಿತು—

ಏಪ್ರಿಲ್ 4, ಶುಕ್ರವಾರ

ರಿಪೋರ್ಟ್ ಬಂತು. ಕೆಟ್ಟದ್ದೇನಲ್ಲ. ಥೈರಾಯ್ಡ್ ಅರ್ಧ ತೆಗೆದಿದ್ದಾರೆ, ಉಳಿದದ್ದು ಸಾಕಂತೆ. ಆಟೋದಲ್ಲಿ ಅವಳ ಕೈ ಹಿಡಿದು ಅತ್ತೆ. ಅವಳೇ ನನ್ನ ಬೆನ್ನು ಸವರಿದಳು. ಮತ್ತೆ ಅದೇ… ತಿಳಿದ ಕೂಡಲೇ ಕಣ್ಣೊರೆಸಿಕೊಂಡು, "ಈಗ ನೀನು ಅಳು," ಅಂದೆ. ಅವಳು ಆಶ್ಚರ್ಯದಿಂದ ನೋಡಿದಳು.

ದನಿ ಬಂದಿಲ್ಲ. ಬರೀ ಗಾಳಿ. ನರಕ್ಕೆ ಸ್ವಲ್ಪ ಪೆಟ್ಟಾಗಿದೆ, ವಾರಗಟ್ಟಲೆ ಬೇಕಾಗಬಹುದು, ಪೂರ್ತಿ ಬರದೆಯೂ ಇರಬಹುದು. ಸ್ಲೇಟು ತಂದುಕೊಟ್ಟೆ. "ಅಕ್ಕ, ಉಪ್ಪು ಕಮ್ಮಿ" ಅಂತ ಬರೆದು, ಒರೆಸಿ, "ಚೆನ್ನಾಗಿದೆ" ಅಂತ ಬರೆದಳು.

"ಮೊದಲನೇದು ಯಾಕೆ ಒರೆಸಿದೆ?" ಅಂದೆ.

ಏಪ್ರಿಲ್ 9, ಬುಧವಾರ. 6.40

ಗೋಡೆಯ ಆಚೆ ಏನೂ ಇಲ್ಲ. ನನಗೇ ಏನೋ ಕಳೆದುಕೊಂಡ ಹಾಗೆ.

ಬಾಗಿಲು ತಳ್ಳಿ ನೋಡಿದೆ. ಕಿಟಕಿಯ ಹತ್ತಿರ ಕೂತಿದ್ದಾಳೆ, ಕೈ ಮಡಿಲಲ್ಲಿ, ಕತ್ತಿಗೆ ಬ್ಯಾಂಡೇಜು. ಕಣ್ಣು ತೆರೆದೇ ಇದೆ.

"ಈಗ ಹೇಗೆ ಮಾತಾಡ್ತೀಯ ಅವನ ಹತ್ರ?"

ಸ್ಲೇಟು ತೆಗೆದುಕೊಂಡಳು. "ಮಾತಾಡ್ತಿಲ್ಲ. ಸುಮ್ನೆ ಕೂತಿದೀನಿ. ಅಪ್ಪನ ಹತ್ರ ದಿನಾ ಏನಾದ್ರೂ ಹೇಳ್ಲೇಬೇಕಾ?"

ನಾವಿಬ್ಬರು ಯಾವತ್ತು ಸುಮ್ಮನೆ ಕೂತಿದ್ದೇವೆ? ಮಾತ್ರೆ ತಗೊಂಡೆಯಾ, ಛತ್ರಿ ಇದೆಯಾ, ಯಾಕೆ ತಡ… ಇಷ್ಟೇ. ಮಾತು ನಿಂತರೆ ಅವಳು ಕೈ ತಪ್ಪುತ್ತಾಳೆ ಅಂತ ಹದಿನೇಳರಲ್ಲಿ ಹಿಡಿದ ಹಗ್ಗ, ಇನ್ನೂ ಬಿಟ್ಟಿಲ್ಲ.

ಅವಳಿಗೆ ಬೇಕಾಗಿದ್ದದ್ದು ಕೈ ಸಡಿಲಿಸಿದರೂ ಬಿಟ್ಟುಹೋಗದ ಒಬ್ಬರು. ಅವಳಿಗೆ ಅವನು ಅಂಥವನು. ಇಷ್ಟು ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದೆ.

ಏಪ್ರಿಲ್ 12, ಶನಿವಾರ. ಮಧ್ಯಾಹ್ನ 4.10

ಹಗ್ಗದ ವಿಷಯ ಬರೆದು ಇನ್ನೂ ಮೂರೇ ದಿನ. ಇವತ್ತು ಬೆಳಿಗ್ಗೆ ಅವಳ ಸ್ಕೂಲಿಗೆ ಹೋಗಿ ಹೆಡ್ ಮಿಸ್ಸಿಗೆ ಹೇಳಿ ಬಂದೆ: ಬೇಸಿಗೆ ರಜೆ ಮುಗಿದ ಮೇಲೂ ಎರಡು ತಿಂಗಳು ಬರಲ್ಲ, ಬೇರೆಯವರನ್ನು ನೋಡಿಕೊಳ್ಳಿ. ಅವಳನ್ನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಒಂದು ಗಂಟೆಗೆ ಹೆಡ್ ಮಿಸ್ ಇವಳಿಗೆ ಮೆಸೇಜು ಮಾಡಿದ್ದಾರೆ.

ಅಡುಗೆಮನೆಗೆ ಬಂದಳು. ಸ್ಲೇಟು ಕೈಯಲ್ಲಿತ್ತು. ಬರೆಯಲು ಹೋದಳು, ಬಳಪ ಮುರಿಯಿತು. ಸ್ಲೇಟನ್ನು ಮೇಜಿನ ಮೇಲೆ ಕುಕ್ಕಿದಳು.

"ನನ್ನ ಕೇಳಿದ್ಯಾ?"

ಒಡಕು ದನಿ, ಹಳೆ ಬಾಗಿಲು ಎಳೆದ ಹಾಗೆ. ಆದರೆ ದನಿ.

"ಪುಟ್ಟಿ, ಮಾತು ಬಂತು…"

"ಬಂದಿದ್ದು ಆಮೇಲೆ. ನನ್ನ ಕೇಳಿದ್ಯಾ? ಅದು ನನ್ನ ಕ್ಲಾಸು. ಯಾವಾಗ ಹೋಗ್ಬೇಕು ನಂಗೆ ಗೊತ್ತಿಲ್ವಾ? ನಂಗೆ ಇನ್ನೂ ನಾಲ್ಕು ವರ್ಷ ಅನ್ಕೊಂಡಿದೀಯಾ? ಸಾಕು ಮಾಡು ಅಕ್ಕ. ಸಾಕು."

ಕೆಮ್ಮು ಬಂತು. ನೀರು ಕೊಡಲು ಹೋದೆ. ತಾನೇ ತೆಗೆದುಕೊಂಡಳು. ರೂಮಿಗೆ ಹೋಗಿ ಬಾಗಿಲು ಬಡಿದಳು. ಸಾರಿ ಅನ್ನಲಿಲ್ಲ.

ಮೂರು ಗಂಟೆ ಹೊತ್ತಾಯಿತು, ಆಚೆ ಬಂದಿಲ್ಲ. ನೋವಾಗಿದೆ, ತುಂಬಾ. ಆದರೆ ಅವಳು ಬಾಗಿಲು ಬಡಿದದ್ದು ಮನೆಯವರ ಮೇಲೆ ಬಡಿಯುವ ಹಾಗೆ. ಇಷ್ಟು ವರ್ಷ ಈ ಮನೆಯಲ್ಲಿ ಅತಿಥಿಯ ಹಾಗೆ ಮೆಲ್ಲಗೆ ಚಿಲಕ ಹಾಕುತ್ತಿದ್ದಳು.

ಮಂಗಳವಾರ ಹೋಗಿ ಹೆಡ್ ಮಿಸ್ಸಿಗೆ ನನ್ನ ತಪ್ಪು ಅಂತ ಹೇಳಬೇಕು. ಬೇಡ. ಅದನ್ನೂ ಅವಳನ್ನು ಕೇಳಿಯೇ…

ಬಾಗಿಲು ತೆಗೆದಳು. ಪಾತ್ರೆ ಕುಕ್ಕುತ್ತಿದ್ದಾಳೆ, ನನಗೆ ಕೇಳಲಿ ಅಂತಲೇ. ಸಿಟ್ಟು ಇಳಿದಿಲ್ಲ. ಹೋಗಿ ಎದುರು ನಿಲ್ಲಬೇಕು. ಏನಾದರೂ ಅನ್ನಲಿ, ಇವತ್ತು ನನ್ನ ಮುಖ ಮಾತ್ರ ಹೆದರಬಾರದು.