ಸೀಟಿ ಬದಲು ಬಾವುಟ

ಚಾಂಪಿಯನ್ ರೀಫ್ಸ್
28 ನವೆಂಬರ್ 2025

ಪ್ರೀತಿಯ ಸೆಲ್ವರಾಜ,

ನೀನು ಚೆನ್ನಾಗಿದ್ದೀಯ ಅಂತ ನಿನ್ನ ಮಗಳು ಇಂದ್ರಾಣಿ ಫೋನಿನಲ್ಲಿ ಹೇಳಿದಳು. ಇಲ್ಲಿ ನಾವೂ ಚೆನ್ನಾಗಿದ್ದೇವೆ, ನನ್ನ ಮಂಡಿ ಮಾತ್ರ ಚಳಿಗೆ ಮುನಿಸಿಕೊಂಡಿದೆ. ಎರಡು ತಿಂಗಳು ಕಾಗದ ಬರೆಯಲಿಲ್ಲ ಅಂತ ಬೈದುಕೋ, ಆದರೆ ತಪ್ಪು ಪೂರ್ತಿ ನನ್ನದಲ್ಲ. ಎರಡು ಸಲ ಬಂಗಾರಪೇಟೆಗೆ ಬಂದೆ. ಎರಡು ಸಲವೂ ನೀನು ಮುಸುಕು ಹಾಕಿಕೊಂಡು ಮಲಗಿಬಿಟ್ಟೆ. ನಿದ್ದೆ ಬಂದವನ ಕಾಲ್ಬೆರಳು ಹಾಗೆ ಅಲ್ಲಾಡಲ್ಲ ಕಣೋ. ಕಿವಿ ಹೋದ ಮೇಲೆ ನಿನಗೆ ಫೋನ್ ದಂಡ, ವಾಟ್ಸಾಪಿನಲ್ಲಿ ಟೈಪ್ ಮಾಡೋಕೆ ನನ್ನ ಬೆರಳು ದಪ್ಪ. ಇನ್ನು ಪೋಸ್ಟಾಫೀಸೇ ಗತಿ.

ನೀನು ಟಿವಿ ಹಾಕಲ್ಲವಂತೆ, ಪೇಪರಿನ ಆಟದ ಪುಟ ತೆಗೆದು ಇಂದ್ರಾಣಿಗೆ ಕಪಾಟಿಗೆ ಹಾಸೋಕೆ ಕೊಡುತ್ತೀಯಂತೆ. ಹಾಗಾದರೆ ಸುದ್ದಿ ನಾನೇ ಹೇಳುತ್ತೇನೆ, ಬೇಡ ಅಂದರೂ ಓದು.

ನಮ್ಮ ಹೆಣ್ಣುಮಕ್ಕಳು ಕ್ರಿಕೆಟ್ ವಿಶ್ವಕಪ್ ಗೆದ್ದರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದವರು ಮುನ್ನೂರ ಮೂವತ್ತು ದಾಟಿಸಿದಾಗ, ಇನ್ನೇನು ನೋಡೋದು ಅಂತ ನಾನು ಟಿವಿ ಆರಿಸಲು ಎದ್ದೆ. ನಮ್ಮ ಮನೆಯಾಕೆ ಮುನಿಲಕ್ಷ್ಮಿ ರಿಮೋಟನ್ನು ಸೆರಗಿನಡಿ ಇಟ್ಟುಕೊಂಡು ಕೊಡಲೇ ಇಲ್ಲ. ಎಲ್‌ಬಿಡಬ್ಲ್ಯು ಅಂದರೆ ಏನು ಅಂತ ಗೊತ್ತಿಲ್ಲದವಳು, ಗೆಲ್ಲುತ್ತಾರೆ ಅನ್ನೋದು ಮಾತ್ರ ಅವಳಿಗೆ ಗೊತ್ತಿತ್ತು. ಗಂಡಸರ ವಿಷಯ ಕೇಳಬೇಡ. ದಕ್ಷಿಣ ಆಫ್ರಿಕಾದವರ ಕೈಲಿ ನಮ್ಮ ನೆಲದಲ್ಲೇ ಎರಡಕ್ಕೆ ಎರಡೂ ಟೆಸ್ಟ್ ಸೋತರು. ಕೋಲ್ಕತ್ತಾದಲ್ಲಂತೂ ನಮ್ಮ ಸ್ಪಿನ್ನರುಗಳಿಗೆ ಅಂತ ಮಾಡಿದ ಪಿಚ್‌ನಲ್ಲಿ ನಮ್ಮವರಿಗೇ ನಿಲ್ಲೋಕೆ ಆಗಲಿಲ್ಲ. ಫುಟ್‌ಬಾಲಿನವರು ಢಾಕಾಕ್ಕೆ ಹೋಗಿ ಬಾಂಗ್ಲಾದೇಶಕ್ಕೆ ಸೋತು ಬಂದರು. ಅದೇ ಢಾಕಾದಲ್ಲಿ ವಾರದೊಳಗೆ ನಮ್ಮ ಕಬಡ್ಡಿ ಹುಡುಗಿಯರು ವಿಶ್ವಕಪ್ ಎತ್ತಿದರು. ಅದಕ್ಕೆ ಪಟಾಕಿ ಹೊಡೆದವರನ್ನು ನಾನು ಕಾಣಲಿಲ್ಲ.

ಈಗ ನಿನಗೆ ಅಂತಲೇ ಇಟ್ಟುಕೊಂಡ ಸುದ್ದಿ. ಟೋಕಿಯೋದಲ್ಲಿ ಕಿವಿ ಕೇಳದವರ ಒಲಿಂಪಿಕ್ಸ್ ನಡೆದು ಮೊನ್ನೆ ಮುಗಿಯಿತು. ನಮ್ಮವರು ಇಪ್ಪತ್ತು ಪದಕ ತಂದಿದ್ದಾರೆ. ಹಿಂದೆ ಯಾವತ್ತೂ ಇಷ್ಟು ಬಂದಿರಲಿಲ್ಲ. ನಮ್ಮ ಮನೆಗೆ ಬರುವ ಪೇಪರಿನಲ್ಲಿ ಸೋತ ಟೆಸ್ಟಿಗೆ ಅರ್ಧ ಪುಟ, ಇದಕ್ಕೆ ಒಂದು ಮೂಲೆ. ಅಲ್ಲಿ ಓಟ ಶುರು ಮಾಡೋಕೆ ಗುಂಡು ಹಾರಿಸಲ್ಲ ಕಣೋ, ದೀಪ ಹೊತ್ತಿಸುತ್ತಾರೆ. ಫುಟ್‌ಬಾಲ್ ರೆಫರಿ ಕೈಯಲ್ಲಿ ಬಾವುಟ ಇರುತ್ತದೆ.

ಓದಿದ ತಕ್ಷಣ ನನಗೆ ನೆನಪಾದದ್ದು ನಾವಿಬ್ಬರೂ ದುಡಿದ ಚಿನ್ನದ ಗಣಿ. ಕೆಳಗೆ ಡ್ರಿಲ್ ಹೊಡೆಯುವಾಗ ಯಾರ ಮಾತು ಯಾರಿಗೆ ಕೇಳಿಸುತ್ತಿತ್ತು? ಹಣೆಯ ದೀಪ ಅಡ್ಡಡ್ಡ ಆಡಿಸಿದರೆ ನಿಲ್ಲು, ಮೇಲೆ ಕೆಳಗೆ ಆಡಿಸಿದರೆ ನಡೆ. ಆ ದೀಪ ನೋಡಿಕೊಂಡೇ ಇಬ್ಬರೂ ಜೀವಸಹಿತ ಮೇಲೆ ಬಂದೆವು. ಅಲ್ಲಿ ಕೆಲಸದ ಹೊತ್ತಿನಲ್ಲಿ ಎಲ್ಲರೂ ಕಿವುಡರೇ ಆಗಿದ್ದೆವಲ್ಲ. ಹಾಗಿರುವಾಗ ಈಗ ನೀನೊಬ್ಬನೇ ಯಾಕೆ ನಾಚಿಕೊಂಡು ಕೂರಬೇಕು?

ಆಯುಧಪೂಜೆ ಹಾಕಿ ಮ್ಯಾಚಿನ ವಿಷಯ ಬಾಯಿಬಿಟ್ಟು ಹೇಳಿಬಿಡುತ್ತೇನೆ, ಇಬ್ಬರೂ ನುಂಗಿಕೊಂಡು ಕೂತದ್ದು ಸಾಕು. ಟೈಮ್ ಮುಗಿದು ಹೂಟರ್ ಕೂಗಿತು. ಆಡುವವರೆಲ್ಲ ನಿಂತರು. ಒಬ್ಬ ತಮಾಷೆಗೆ ಬಾಲನ್ನು ಗೋಲಿಗೆ ತಳ್ಳಿದ. ನಿನಗೆ ಹೂಟರ್ ಕೇಳಿಸಿರಲಿಲ್ಲ. ನೀನು ಸೀಟಿ ಊದಿ, ಗೋಲ್ ಅಂತ ಸೆಂಟರ್ ಕಡೆ ಕೈ ತೋರಿಸಿದೆ. ನಗು ಎದ್ದಿತು. ನೀನು ಸೀಟಿಯನ್ನು ನೆಲದ ಮೇಲೆ ಇಟ್ಟು, ಸ್ಟೇಷನ್ನಿಗೆ ನಡೆದು, ರೈಲು ಹತ್ತಿ ಹೊರಟುಹೋದೆ. ಮೂವತ್ತು ವರ್ಷ ಆ ಮೈದಾನದಲ್ಲಿ ಅಂಪೈರ್ ಆಗಿದ್ದವನು ಹಾಗೆ ಹೋಗಬಾರದು. ನಾನು ಹೋಗಲು ಬಿಡುವುದೂ ಇಲ್ಲ.

ಡಿಸೆಂಬರ್ 21ರ ಭಾನುವಾರ ಮೈಸೂರು ಮೈನ್ಸ್ ಮೈದಾನದಲ್ಲಿ ನಮ್ಮ ಹುಡುಗಿಯರಿಗೂ ಬಂಗಾರಪೇಟೆ ಹುಡುಗಿಯರಿಗೂ ಹಾಕಿ ಮ್ಯಾಚ್ ಇದೆ. ಅಂಪೈರ್ ನೀನೇ. ಬಾವುಟದ ಏರ್ಪಾಡು ನನ್ನದು.

ಇಂದ್ರಾಣಿಗೆ, ಮೊಮ್ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ. ಉತ್ತರ ಬರೆ.

ನಿನ್ನ
ರಾಮಚಂದ್ರಪ್ಪ

*

ಚಾಂಪಿಯನ್ ರೀಫ್ಸ್
15 ಡಿಸೆಂಬರ್ 2025

ಹಠಮಾರಿ ಸೆಲ್ವರಾಜನಿಗೆ,

ನಿನ್ನ ಕಾರ್ಡು ಬಂದು ವಾರವಾಯಿತು. ತಡವಾಗಿ ಉತ್ತರಿಸುತ್ತಿದ್ದೇನೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಕಾರ್ಡಿನಲ್ಲಿ ಎರಡೇ ಮಾತು ಬರೆದಿದ್ದೀಯ. ಸೀಟಿ ಬಿಟ್ಟಾಯಿತು, ಆಟದ ವಿಷಯ ಬರೆಯಬೇಡ. ಮೊದಲನೆಯದು ನಾನು ಒಪ್ಪಲ್ಲ, ಎರಡನೆಯದು ನನ್ನ ಕೈಲಿ ಆಗಲ್ಲ.

ಮದ್ರಾಸಿನಲ್ಲಿ ಜೂನಿಯರ್ ಹಾಕಿ ವಿಶ್ವಕಪ್ ಆಯಿತು. ಸೆಮಿಫೈನಲ್‌ನಲ್ಲಿ ಜರ್ಮನಿಯವರು ನಮಗೆ ಐದು ಗೋಲು ಹಾಕಿದರು. ಅವತ್ತು ಊಟ ಸೇರಲಿಲ್ಲ. ಆಮೇಲೆ ಕಂಚಿನ ಪದಕದ ಮ್ಯಾಚಿನಲ್ಲೂ ಅರ್ಜೆಂಟೀನಾದವರು ಎರಡು ಗೋಲು ಮುಂದಿದ್ದರು. ಕೊನೆಯ ಕ್ವಾರ್ಟರಿನಲ್ಲಿ ನಮ್ಮ ಹುಡುಗರು ನಾಲ್ಕು ಗೋಲು ಹೊಡೆದು ಗೆದ್ದರು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯಿತೋ ಅಂತ ಓಡಿಬಂದರು. ಆ ಆಟ ನೀನು ನೋಡಲಿಲ್ಲವಲ್ಲ ಅಂತ ನನಗೆ ನಿಜವಾಗಿ ಸಂಕಟವಾಯಿತು.

ಮೊನ್ನೆ ಶನಿವಾರ ಕೋಲ್ಕತ್ತಾದಲ್ಲಿ ಇನ್ನೊಂದು ನಡೆಯಿತು. ಅರ್ಜೆಂಟೀನಾದ ಆ ದೊಡ್ಡ ಫುಟ್‌ಬಾಲ್ ಆಟಗಾರ ಬಂದು ಸ್ವಲ್ಪ ಹೊತ್ತು ಕೈ ಬೀಸಿ ಹೋದನಂತೆ. ಸರಿಯಾಗಿ ಮುಖ ಕಾಣಲಿಲ್ಲ ಅಂತ ಜನ ಕುರ್ಚಿ ಕಿತ್ತು ಎಸೆದರು. ಸಾವಿರಾರು ರೂಪಾಯಿ ಟಿಕೆಟ್ಟಂತೆ. ಅವರು ನಮ್ಮ ಮೈದಾನಕ್ಕೆ ಬಂದಿದ್ದರೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಕೂತು ಬಿಟ್ಟಿಯಾಗಿ ಪೂರ್ತಿ ಆಟ ನೋಡಬಹುದಿತ್ತು.

ಈಗ ಬಾವುಟದ ವಿಷಯ. ಮುನಿಲಕ್ಷ್ಮಿಯ ಹಳೇ ಕೆಂಪು ಸೀರೆ ಹರಿದು ಮೂರು ಬಾವುಟ ಮಾಡಿದೆ. ಹರಿಯುವಾಗ ಅವಳು ಒಂದೇ ಮಾತು ಅಂದಳು: "ಬರಕಂಡು ಕೂತ್ರೆ ಸೆಲ್ವಣ್ಣ ಬತ್ತಾರಾ? ಓಗಿ ಕೈ ಇಡ್ಕಂಡು ಕರ್ಕಂಡು ಬನ್ನಿ." ಕೈ ಹಿಡಿಯೋಕೆ ನೀನು ಮುಸುಕಿನಿಂದ ಆಚೆ ಬರಬೇಕಲ್ಲ ಅಂದೆ. ಬಾವುಟ ಹಿಡಿದು ಆಂಡರ್ಸನ್‌ಪೇಟೆ ಮೇಲೆ ಹೋಗುವಾಗ ಆಟೋದವನೊಬ್ಬ ನಿಲ್ಲಿಸಿ, ಯಾವ ಪಾರ್ಟಿ ಮೆರವಣಿಗೆ ಅಂತ ತಮಿಳಿನಲ್ಲಿ ಕೇಳಿದ. ಸೆಲ್ವರಾಜ್ ಪಾರ್ಟಿ ಅಂದೆ.

ನಿನ್ನೆ ಭಾನುವಾರ ಪ್ರಾಕ್ಟೀಸ್ ಮಾಡಿಸಿದೆ. ಎರಡು ಗೋಲಿನ ಹಿಂದೆ ಒಂದೊಂದು ಬಾವುಟ, ಹೂಟರ್ ಬದಲು ಟೈಮ್ ನೋಡುವವರ ಹತ್ತಿರ ಒಂದು. ಮೊದಲು ಎಲ್ಲ ಎಡವಟ್ಟಾಯಿತು. ಎಷ್ಟು ಬೀಸಿದರೂ ಯಾರೂ ನಿಲ್ಲಲಿಲ್ಲ. ಬಾವುಟ ನೋಡುತ್ತಾ ನಿಂತರೆ ಬಾಲ್ ಯಾರು ನೋಡೋದು ಅಂತ ಕ್ಯಾಪ್ಟನ್ ಅಂಬಿಕ ನನ್ನ ಮೇಲೇ ರೇಗಿದಳು. ಆಮೇಲೆ ಅವಳೇ ದಾರಿ ಹುಡುಕಿದಳು. ಬಾವುಟ ಕಂಡವಳು ಸ್ಟಿಕ್ ಮೇಲಕ್ಕೆ ಎತ್ತಬೇಕು, ಅವಳನ್ನು ಕಂಡವಳು ತನ್ನದನ್ನೂ ಎತ್ತಬೇಕು. ಸಂಜೆಯ ಹೊತ್ತಿಗೆ ಒಂದು ಬಾವುಟಕ್ಕೆ ಮೈದಾನವೆಲ್ಲ ಸ್ಟಿಕ್ ಎತ್ತಿ ನಿಲ್ಲುತ್ತಿತ್ತು, ಅಂಪೈರ್ ಯಾವ ಕಡೆ ತಿರುಗಿದ್ದರೂ ಕಾಣುವ ಹಾಗೆ. ಅಲ್ಲಿ ಕಿವಿ ಯಾರಿಗೂ ಬೇಕಿರಲಿಲ್ಲ. ನೀನಿದ್ದಿದ್ದರೆ ಹೈ ಸ್ಟಿಕ್ ಅಂತ ಫೌಲ್ ಕೊಡುತ್ತಿದ್ದೆಯೋ ಏನೋ.

ಬಂಗಾರಪೇಟೆಯವರೂ ಬಾವುಟಕ್ಕೆ ಒಪ್ಪಿದ್ದಾರೆ. ನಿನ್ನ ಜಾಗಕ್ಕೆ ಬೇರೆಯವರನ್ನು ಕರೆಯೋಣವಾ ಅಂತ ಕೇಳಿದರು, ಕರೆಯಲ್ಲ ಅಂದೆ. ನೀನು ಬಂದರೆ ಮ್ಯಾಚ್. ಇಲ್ಲವಾದರೆ ಇಪ್ಪತ್ತೆರಡು ಹುಡುಗಿಯರು ಸ್ಟಿಕ್ ಹಿಡಿದು ಕಾಯುತ್ತಾರೆ, ಅವರ ಜೊತೆ ನಾನೂ ಕಾಯುತ್ತೇನೆ. ನೀನು ಬರದೆ ನಾನು ಮನೆಗೆ ಹೋಗಲ್ಲ.

ದೇವರು ನಿನಗೆ ಆರೋಗ್ಯ ಕೊಡಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ. ಮಕ್ಕಳಿಗೆ ಆಶೀರ್ವಾದ.

ನಿನ್ನ
ರಾಮಚಂದ್ರಪ್ಪ

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ಗೊತ್ತಾದದ್ದು. ಕಾಗದ ಮಡಿಸುವಾಗ ನನ್ನ ಮಗ ಗಿರಿ ಕೆಲಸದಿಂದ ಬಂದ. ಭಾನುವಾರ ಗೋಲಿನ ಹಿಂದೆ ನೀನೊಂದು ಬಾವುಟ ಹಿಡಿಯಪ್ಪ ಅಂದೆ. ಆಗಲ್ಲ ಅಂದ. ಯಾಕೆ ಅಂತ ಗದರಿದೆ. ಶೂ ಕೂಡ ಬಿಚ್ಚದೆ ನಿಂತಿದ್ದವನು ಹೇಳಿದ: "ಅಪ್ಪಾ, ಅವತ್ತು ಮೊದ್ಲು ನಕ್ಕಿದ್ದು ನಾನೇ. ಮಾಮ ನನ್ನ ನೋಡ್ಬುಟ್ರು."

ಅವತ್ತು ಆ ಗೋಲಿನಲ್ಲಿ ಕೀಪರ್ ಆಗಿ ನಿಂತಿದ್ದವನು ಇವನೇ ಅಲ್ಲವಾ. ನಿನಗೆ ನಗು ಕೇಳಿಸಿಲ್ಲ ಅಂತ ನಾನು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ನೀನು ಅದನ್ನು ಕಣ್ಣಾರೆ ನೋಡಿದ್ದೆ. ಏಳು ವರ್ಷದ ಹುಡುಗನಾಗಿದ್ದಾಗ ಅವನ ಕೈಗೆ ಸ್ಟಿಕ್ ಕೊಟ್ಟವನು ನೀನು. ಅವನಿಗೆ ಪ್ಯಾಡ್ ಕಟ್ಟುವುದು ಕಲಿಸಿದವನು ನೀನು. ನಾನು ಎರಡು ಸಲ ಬಂದಾಗ ಮುಸುಕು ಹಾಕಿಕೊಂಡದ್ದು ನನ್ನ ಮುಖ ನೋಡಿ ಹೇಳಬೇಕಾಗುತ್ತೆ ಅಂತಲಾ? ನನ್ನ ಮಗ ಅಂತ ಎರಡೂವರೆ ತಿಂಗಳು ನೀನೊಬ್ಬನೇ ನುಂಗಿಕೊಂಡೆಯಲ್ಲೋ.

ಕ್ಷಮಿಸು ಅಂತ ಅವನ ಪರವಾಗಿ ನಾನು ಬರೆಯಲ್ಲ. ಅದು ಅವನ ಕೆಲಸ. ಕಿವಿ ಕೇಳದವರಿಗೆ ಹೇಗೆ ಹೇಳಲಿ ಅಂತ ಅತ್ತ. ಅದನ್ನೂ ನೀನೇ ಯೋಚಿಸು ಅಂದೆ. ಈ ಕಾಗದ ಪೋಸ್ಟಿಗೆ ಹಾಕುತ್ತಿಲ್ಲ. ನಾಳೆ ಕೆಲಸಕ್ಕೆ ರಜ ಹಾಕಿ ಬೆಳಗಿನ ರೈಲಿಗೆ ಅವನೇ ತರುತ್ತಾನೆ. ಇಂದ್ರಾಣಿ ಕೈಗೆ ಕೊಟ್ಟು ಗೇಟಿನ ಆಚೆ ನಿಲ್ಲು, ಮಾಮ ಕರೆಯುವವರೆಗೂ ಒಳಗೆ ಕಾಲಿಡಬೇಡ, ಕರೆಯದಿದ್ದರೆ ಸಂಜೆವರೆಗೂ ಅಲ್ಲೇ ಇರು ಅಂತ ಹೇಳಿದ್ದೇನೆ.

ನೀನು ಇಲ್ಲಿವರೆಗೆ ಓದಿದ್ದರೆ, ಅವನು ಈಗ ಗೇಟಿನ ಹತ್ತಿರ ನಿಂತಿದ್ದಾನೆ. ಎದ್ದು ಹೋಗಿ ನೋಡು.