ಮೂರನೇ ವ್ಯಕ್ತಿಯ ಆಕ್ಷೇಪಣೆ

ತಾರೀಖು ಹನ್ನೊಂದು, ಸೋಮವಾರ ಮಧ್ಯಾಹ್ನ

ನನ್ನ ಚೂಟಿಗೆ,

ಅಮ್ಮನ ಆಶೀರ್ವಾದ. ಕಾಗದ ಓದಿ ಮುಗಿಸಿದ ಮೇಲೆ ಈ ಆಶೀರ್ವಾದ ಬೇಡವೆನಿಸಿದರೆ ವಾಪಸು ಕಳಿಸು, ಬೇಜಾರಿಲ್ಲ.

ಎರಡು ಬೀದಿ ಆಚೆ ಇರುವ ಮಗಳಿಗೆ ಅಂಚೆಯಲ್ಲಿ ಕಾಗದ ಹಾಕುವ ಮುದುಕಿಗೆ ತಲೆಗಿಲೆ ಕೆಟ್ಟಿದೆಯೇ ಎಂದು ಲಕೋಟೆ ನೋಡಿದ ಕೂಡಲೇ ಅಂದುಕೊಂಡಿರುತ್ತೀಯ. ಮನೆಗೆ ಕಳಿಸದೆ ನೀನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೆ ಕಳಿಸಿದ್ದು ಬೇಕೆಂದೇ. ಮನೆಯಲ್ಲಾದರೆ ಅಳಿಯಂದಿರು, ಮೊಮ್ಮಗಳು ಎದುರಿಗಿರುತ್ತಾರೆ, ನೀನು ಮುಖ ಬಿಗಿದುಕೊಂಡು ಏನೂ ಇಲ್ಲ ಅನ್ನುತ್ತೀಯ. ಅಲ್ಲಿ ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ಓದಬಹುದು. ಬಾಯಲ್ಲಿ ಹೇಳಲು ನೋಡಲೇ ಇಲ್ಲ ಅಂದುಕೊಳ್ಳಬೇಡ. ನಿನ್ನೆ ನೀನು ಬಂದಾಗ ಮೂರು ಸಲ ಬಾಯಿ ತೆರೆದೆ. ಮೊದಲ ಸಲ ನಲ್ಲಿ ಸೋರುತ್ತಿದೆ ಎಂದೆ. ಎರಡನೆಯ ಸಲ ಮೊಮ್ಮಗಳ ಪರೀಕ್ಷೆ ಯಾವಾಗ ಎಂದೆ. ಮೂರನೆಯ ಸಲ ಛತ್ರಿ ತಗೊಂಡು ಹೋಗು ಎಂದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ನಿಂಗೆ ವಯಸ್ಸಾಯ್ತು ಕಣಮ್ಮ ಅಂತ ನೀನು ನಕ್ಕೆ.

ಸರಿ, ವಿಷಯಕ್ಕೆ ಬರುತ್ತೇನೆ. ಗುರುವಾರ ಮಾಹಿತಿ ಆಯೋಗದಲ್ಲಿ ನಿನ್ನ ಮೇಲ್ಮನವಿಯ ವಿಚಾರಣೆ ಇದೆ. ಅಪ್ಪನ ಕಡತವನ್ನು ಗೋಪ್ಯ ಪಟ್ಟಿಯಿಂದ ತೆಗೆದು ಕೊಡಿ ಎಂದು ನಾಲ್ಕು ವರ್ಷದಿಂದ ಕಾದಾಡುತ್ತಿದ್ದೀಯ. ಈ ಸಲ ಕೊಡುತ್ತಾರೆ. ಇಲಾಖೆಯವರಿಗೆ ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ. ಮೂರನೇ ವ್ಯಕ್ತಿಯ ಆಕ್ಷೇಪಣೆ ಇರುವುದರಿಂದ ಕೊಡಲಾಗದು ಎಂದು ಮೂರು ಸಲ ಬರೆದರಲ್ಲ, ಆ ಆಕ್ಷೇಪಣೆ ಇವತ್ತು ಬೆಳಿಗ್ಗೆ ಹತ್ತೂವರೆಗೆ ವಾಪಸಾಯಿತು. ವಾಪಸು ತೆಗೆದುಕೊಂಡವಳು ನಾನು. ಹಾಕಿದವಳೂ ನಾನೇ.

ಇಲ್ಲಿ ಸ್ವಲ್ಪ ನಿಲ್ಲು. ನೀರು ಕುಡಿ. ಆಮೇಲೆ ಮುಂದೆ ಓದು.

ದಾಖಲೆ ವಿಭಾಗದ ಕಿಟಕಿಯಲ್ಲಿ ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡಿರುವ ಗುಮಾಸ್ತ ಇದ್ದಾನಲ್ಲ, ನೀನು ಯಾವಾಗಲೂ ಬೈಯುವವನು, ಅವನ ಕೈಗೇ ವಾಪಸಿನ ಅರ್ಜಿ ಕೊಟ್ಟೆ. ಹೆಸರು ನೋಡಿದ, ನನ್ನ ಮುಖ ನೋಡಿದ, ಮತ್ತೆ ಹೆಸರು ನೋಡಿದ. ನಿಮ್ಮ ಮಗಳಿಗೆ ಗೊತ್ತಾ ಅಮ್ಮಾ ಅಂದ. ಗೊತ್ತಾಗುತ್ತೆ, ನೀನು ಮೊಹರು ಒತ್ತಪ್ಪಾ ಅಂದೆ. ಅವನನ್ನು ಇನ್ನು ಬೈಯಬೇಡ. ನಾಲ್ಕು ವರ್ಷ ಅವನು ಬಾಯಿ ಬಿಡದೆ ಇದ್ದದ್ದು ಕಾಯ್ದೆಗೆ ಹೆದರಿ. ನಿನ್ನ ಮೇಲೆ ಅವನಿಗೆ ಯಾವ ಹಗೆಯೂ ಇರಲಿಲ್ಲ.

ನಿನಗೆ ಗೊತ್ತಿರುವುದನ್ನೂ ಒಮ್ಮೆ ಸಾಲಾಗಿ ಬರೆಯುತ್ತೇನೆ, ಯಾಕೆಂದರೆ ಅದರಲ್ಲಿ ಎಷ್ಟು ನಾನು ಹೇಳಿಕೊಟ್ಟದ್ದು, ಎಷ್ಟು ನಿಜ ಎಂದು ನನಗೇ ಕಲಸಿಹೋಗಿದೆ. ನಿನ್ನ ಅಪ್ಪ ಸರ್ಕಾರದ ಭೂಮಾಪನ ಇಲಾಖೆಯಲ್ಲಿ ನಕ್ಷೆ ಬಿಡಿಸುತ್ತಿದ್ದರು. ಮಕ್ಕಳ ಶಾಲೆಯ ಹಿಂದೆಯೇ ಸೇನೆಯ ಮದ್ದುಗುಂಡಿನ ಉಗ್ರಾಣ ಕಟ್ಟುವ ನಕ್ಷೆಯೊಂದು ಅವರ ಕೊಠಡಿಗೆ ಬಂತು. ಒಂದು ತಿಂಗಳಲ್ಲಿ ಅದೇ ನಕ್ಷೆ ಪತ್ರಿಕೆಯಲ್ಲಿ ಅಚ್ಚಾಯಿತು. ಉಗ್ರಾಣದ ಕೆಲಸ ನಿಂತಿತು, ನಿನ್ನ ಅಪ್ಪನನ್ನು ಹಿಡಿದುಕೊಂಡು ಹೋದರು. ಹಿಡಿದ ಹನ್ನೊಂದನೆಯ ತಿಂಗಳಲ್ಲಿ, ಬಂಧನದಲ್ಲೇ, ಎದೆಗೆ ಶೀತ ಹಿಡಿದು ಹೋಗಿಬಿಟ್ಟರು. ಆಗ ನಿನಗೆ ಆರು ವರ್ಷ. ಕಡತದ ಮೇಲೆ ಗೋಪ್ಯ ಎಂದು ಕೆಂಪು ಮೊಹರು ಬಿತ್ತು. ಇಲ್ಲಿಯತನಕ ಎಲ್ಲ ನಿಜ.

ಮೂವತ್ತು ವರ್ಷ ತುಂಬಿದ ಗೋಪ್ಯ ಕಡತವನ್ನು ಯಾರಾದರೂ ಕೇಳಿದರೆ ಮರುಪರಿಶೀಲನೆ ಮಾಡಲೇಬೇಕು ಎಂದು ನೀನು ಎಲ್ಲಿಂದಲೋ ಓದಿಕೊಂಡು ಬಂದೆ. ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಮೊದಲ ಅರ್ಜಿ ಬರೆದೆ. ಬರೆದು, ತಿದ್ದಿಕೊಡಮ್ಮಾ ಎಂದು ನನ್ನ ಮುಂದೆ ಹಿಡಿದೆ. ಮೂವತ್ತೆರಡು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವಳ ಕೈ, ಸುಮ್ಮನಿರುತ್ತದೆಯೇ? ಎರಡು 'ದಯವಿಟ್ಟು' ಇತ್ತು, ಒಂದನ್ನು ಹೊಡೆದೆ. ಹಕ್ಕಿನಿಂದ ಕೇಳುವಾಗ ಯಾಕೆ ಅಂಗಲಾಚುತ್ತೀಯ ಎಂದು ಬೈದೆ ಕೂಡ. ನೀನು ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋದೆ.

ಇಪ್ಪತ್ತೆರಡನೆಯ ದಿನ ನನ್ನ ಹೆಸರಿಗೆ ರಿಜಿಸ್ಟರ್ಡ್ ಅಂಚೆ ಬಂತು. ಕಡತದ ನಲವತ್ತಮೂರನೆಯ ಪುಟದಲ್ಲಿ ನೀವು ವಿಶ್ವಾಸದಲ್ಲಿ ನೀಡಿದ ಹೇಳಿಕೆ ಇದೆ, ಅದನ್ನು ಅರ್ಜಿದಾರರಿಗೆ ಕೊಡಲು ಆಕ್ಷೇಪಣೆ ಇದ್ದರೆ ಹತ್ತು ದಿನದೊಳಗೆ ತಿಳಿಸಿ ಎಂದಿತ್ತು. ಕಾಯ್ದೆಯಲ್ಲಿ ಹಾಗೊಂದು ಕಲಮು ಇದೆಯಂತೆ. ಹೇಳಿಕೆ ಕೊಟ್ಟವರನ್ನು ಕೇಳದೆ ಕೊಡುವಂತಿಲ್ಲ. ಆ ಹೇಳಿಕೆ ಕಾಗದದಲ್ಲಿ ಬದುಕಿದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಅವತ್ತೇ 'ಆಕ್ಷೇಪಣೆ ಇದೆ, ನನ್ನ ಹೆಸರನ್ನೂ ತಿಳಿಸಬಾರದು' ಎಂದು ಬರೆದು ಹಾಕಿಬಿಟ್ಟೆ.

ಹೀಗೆ ಮೂರು ಸಲ. ನೀನು ಹೊಸ ಅರ್ಜಿ ತರುತ್ತಿದ್ದೆ, ನಾನು ತಿದ್ದುತ್ತಿದ್ದೆ, ಲಕೋಟೆ ಬರುತ್ತಿತ್ತು, ಅದೇ ಪೆನ್ನಿನಲ್ಲಿ ಆಕ್ಷೇಪಣೆ ಬರೆಯುತ್ತಿದ್ದೆ. ನಗಬೇಕೋ ಅಳಬೇಕೋ ಹೇಳು. ನಿನ್ನ ಅರ್ಜಿಯ ಮಾತು ಗಟ್ಟಿಯಾಗಲಿ ಎಂದು ಮನಸಾರೆ ದುಡಿಯುತ್ತಿದ್ದೆ, ಅದು ಬಿದ್ದುಹೋಗಲಿ ಎಂದೂ ಮನಸಾರೆ ಬೇಡಿಕೊಳ್ಳುತ್ತಿದ್ದೆ. ಹೋದ ವರ್ಷ ಒಂದು ದಿನ ನೀನು ಊಟಕ್ಕೆ ಬಡಿಸುತ್ತಾ, ಆ ಮೂರನೇ ವ್ಯಕ್ತಿ ಕೈಗೆ ಸಿಕ್ಕರೆ ಒಂದೇ ಮಾತು ಕೇಳ್ತೀನಿ, ತುತ್ತು ಹೆಂಗೆ ಇಳಿಯುತ್ತೆ ನಿನ್ನ ಗಂಟಲಲ್ಲಿ ಅಂತ, ಎಂದು ಹೇಳಿ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದೆ. ನಾನು ಉಂಡೆ. ಇಳಿಯುತ್ತದೆ ಮಗಳೇ. ಅದೇ ನಾಚಿಕೆಗೇಡು.

ಈಗ ಆ ಪುಟದ ಮಾತು. ನಿನ್ನ ಅಪ್ಪನನ್ನು ಹಿಡಿದ ಐದನೆಯ ದಿನ ಇಬ್ಬರು ಮುದ್ರಣಾಲಯಕ್ಕೇ ಬಂದರು. ನನ್ನನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿ ಉದ್ದ ಮೇಜಿನ ಮುಂದೆ ಕೂರಿಸಿದರು. ಪಕ್ಕದ ಅರ್ಧ ಗೋಡೆಯ ಆಚೆ ಯಾರೋ ಟೈಪ್ ಮಾಡುತ್ತಿದ್ದರು. ಬೂದು ಕೋಟಿನ ಅಧಿಕಾರಿ ಗದರಲಿಲ್ಲ, ಕೈ ಎತ್ತಲಿಲ್ಲ. ಮಗು ಶಾಲೆ ಎಷ್ಟು ಹೊತ್ತಿಗೆ ಬಿಡುತ್ತೆ ಅಮ್ಮಾ ಎಂದು ಕೇಳಿದ. ನಾಲ್ಕಕ್ಕೆ ಎಂದೆ. ಯಾರು ಕರಕೊಂಡು ಬರ್ತಾರೆ ಎಂದ. ನಾನೇ ಎಂದೆ. ಹಾಗಾದ್ರೆ ಬೇಗ ಮುಗಿಸೋಣ, ನಿಮಗೂ ತಡ ಆಗಬಾರದು ಎಂದು ಗಡಿಯಾರ ನೋಡಿದ. ನೀವು ಒಂದು ಸಹಿ ಹಾಕಿದ್ರೆ ಯಜಮಾನರಿಗೂ ಒಳ್ಳೇದು, ಕೆಲಸ ಹೋಗೋದ್ರಲ್ಲಿ ಮುಗಿಯುತ್ತೆ, ವಾರದಲ್ಲಿ ಮನೆಗೆ ಬರ್ತಾರೆ ಎಂದ. ಮೂರೂಕಾಲಿಗೆ ಟೈಪಾದ ಹಾಳೆ ತಂದು ಮುಂದಿಟ್ಟರು.

ನಾನು ಓದಲಿಲ್ಲ. ಕಣ್ಣೆಲ್ಲ ಮಂಜಾಗಿತ್ತು, ಶಾಲೆಯ ಗೇಟಿನಲ್ಲಿ ನೀನೊಬ್ಬಳೇ ಚೀಲ ಹಿಡಿದು ನಿಂತದ್ದೇ ಕಣ್ಣ ಮುಂದೆ. ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಓಡಿದೆ. ಅದರಲ್ಲಿ ಏನಿತ್ತು ಎಂದು ಗೊತ್ತಾದದ್ದು ಆಮೇಲೆ. 'ನನ್ನ ಗಂಡ ಆ ನಕ್ಷೆಯನ್ನು ಮನೆಗೆ ತಂದು ಪತ್ರಿಕೆಯವನ ಕೈಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ.' ಇಷ್ಟೇ. ನಿನ್ನ ಅಪ್ಪನನ್ನು ಒಳಗಿಡಲು ಆ ಅಧಿಕಾರಿಗಳ ಕೈಯಲ್ಲಿ ಬೇರೆ ಒಂದು ಚೂರು ಸಾಕ್ಷಿಯೂ ಇರಲಿಲ್ಲ.

ಈಗ ನಾನು ಹೇಳುವುದನ್ನು ತಲೆಯಲ್ಲಿ ಭದ್ರವಾಗಿ ಇಟ್ಟುಕೋ, ಗುರುವಾರ ಆ ಪುಟ ನಿನ್ನ ಕೈಗೆ ಬಂದಾಗ ಬೇಕಾಗುತ್ತದೆ. ನಿನ್ನ ಅಪ್ಪ ಯಾವ ನಕ್ಷೆಯನ್ನೂ ಮನೆಗೆ ತಂದವರಲ್ಲ. ಯಾವ ಪತ್ರಿಕೆಯವನೂ ನಮ್ಮ ಹೊಸ್ತಿಲು ತುಳಿದಿಲ್ಲ. ನಕ್ಷೆ ಹೇಗೆ ಹೊರಬಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ, ಬೇಕಾದರೆ ಆಯೋಗದ ಮುಂದೆಯೇ ಬಂದು ಹೇಳುತ್ತೇನೆ.

ಇಷ್ಟು ದಿನ ಮುಚ್ಚಿಟ್ಟವಳಿಗೆ ಈಗೇನು ಬಂತು ಎಂದು ಕೇಳುತ್ತೀಯ. ಸ್ಕೇಲ್ ಮಾಮ ಬಂದರು.

ಅಂಗಿಯ ಜೇಬಿನಲ್ಲಿ ಸದಾ ಉಕ್ಕಿನ ಸ್ಕೇಲು ಇಟ್ಟುಕೊಂಡಿರುತ್ತಿದ್ದರು ಎಂದು ಆ ಹೆಸರಿಟ್ಟವಳು ನೀನೇ. ಅಪ್ಪನ ಪಕ್ಕದ ಮೇಜು ಅವರದು. ಅಪ್ಪ ಹೋದ ಮೇಲೆ ನಿನ್ನ ಶಾಲೆಯ ಪಟಗಳನ್ನೆಲ್ಲ ಬಿಡಿಸಿಕೊಟ್ಟವರು, ಸೈಕಲ್ಲು ಕಲಿಸಿದವರು. ಹೋದ ತಿಂಗಳು ಅಪ್ಪನ ಹಳೆಯ ಫೋಟೋ ಎರಡು ಸಿಕ್ಕವೆಂದು ತಂದರೆ, ನೀನು ಅವರನ್ನು ಬಾಗಿಲಲ್ಲೇ ನಿಲ್ಲಿಸಿದೆ. ಅಪ್ಪನ ವಿಷಯ ಗೊತ್ತಿದ್ದವರು ಬೇರೆ ಯಾರಿದ್ದರು, ಮೂರನೇ ವ್ಯಕ್ತಿ ನೀವೇ ತಾನೇ ಎಂದು ಮುಖದ ಮೇಲೆ ಕೇಳಿದೆ. ಅವರು ಅಲ್ಲ ಎನ್ನಲಿಲ್ಲವಂತೆ. ಫೋಟೋಗಳನ್ನು ಮೆಟ್ಟಿಲ ಮೇಲಿಟ್ಟು ಹೋದರಂತೆ. ನೋಡಿದ್ಯಾ, ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ, ಕಳ್ಳ ಅಂತ ನೀನು ನನ್ನ ಹತ್ತಿರ ಬಂದು ಕುಣಿದಾಡಿದೆ. ನಾನು ನಲ್ಲಿಯ ಕಡೆ ಮುಖ ಮಾಡಿಕೊಂಡು ಪಾತ್ರೆ ತೊಳೆದೆ.

ಶುಕ್ರವಾರ ಅವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಎರಡನೆಯ ಮಹಡಿ, ಕಿಟಕಿ ಪಕ್ಕದ ಹಾಸಿಗೆ. ಶ್ವಾಸಕೋಶ ಕೈ ಕೊಟ್ಟಿದೆ, ಎರಡು ಮಾತಾಡಿದರೆ ಏದುಸಿರು. ಆ ಮೂರನೇ ವ್ಯಕ್ತಿ ನಾನೇ ಎಂದು ಹೇಳಲು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದು, ಗೊತ್ತು ಅತ್ತಿಗೆ ಎಂದರು. ಮೂವತ್ತನಾಲ್ಕು ವರ್ಷದಿಂದ ಗೊತ್ತಂತೆ! ನನ್ನ ಸಹಿಯಾದ ಮರುದಿನ ಅವರನ್ನೂ ಅದೇ ಕೋಣೆಗೆ ಕರೆಸಿ, ನೋಡು, ಹೆಂಡತಿಯೇ ಬರೆದುಕೊಟ್ಟಿದ್ದಾಳೆ, ನಿನ್ನದೇನು ಎಂದು ನನ್ನ ಹಾಳೆಯನ್ನು ತೋರಿಸಿದರಂತೆ. ಅವರು ಸಹಿ ಹಾಕಲಿಲ್ಲ. ಅದಕ್ಕೇ ಅವರಿಗೆ ಹನ್ನೊಂದು ವರ್ಷ ಬಡ್ತಿ ಸಿಗಲಿಲ್ಲ, ಅದಕ್ಕೇ ಅವರನ್ನು ನೆಲಮಾಳಿಗೆಯ ಹಳೇ ನಕ್ಷೆಗಳ ಕೋಣೆಗೆ ಹಾಕಿದ್ದು, ಅಲ್ಲಿಯ ಧೂಳೇ ಎದೆಯಲ್ಲಿ ಕೂತದ್ದು. ಆಗುವುದಿಲ್ಲ ಎಂದು ಹೇಳಿಯೂ ಒಬ್ಬರು ಆ ಕೋಣೆಯಿಂದ ಎದ್ದು ಬಂದಿದ್ದರು, ಚೂಟಿ. ಹಾಗೆ ಹೇಳಬಹುದಿತ್ತು ಎಂದು ನನಗೆ ಶುಕ್ರವಾರದ ತನಕ ಗೊತ್ತಿರಲಿಲ್ಲ.

ಮತ್ತೆ ಯಾಕೆ ಅವಳ ಬೈಗುಳ ತಿಂದು ಸುಮ್ಮನೆ ಬಂದಿರಿ ಎಂದು ಕೇಳಿದೆ. ಹುಡುಗಿಗೆ ಕೋಪ ಮಾಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ ಅತ್ತಿಗೆ, ಅಮ್ಮನ ಮೇಲೆ ಮಾಡ್ಕೊಂಡ್ರೆ ಅವಳಿಗೆ ಉಳಿಯೋದು ಯಾರು, ನಾನೇ ಇರ್ತೀನಿ ಬಿಡಿ ಎಂದರು. ಅವರ ಕಾಲ ಮೇಲಿನ ಹೊದಿಕೆಗೆ ಮುಖ ಇಟ್ಟು ಅತ್ತುಬಿಟ್ಟೆ. ದಾದಿ ಬಂದು, ಅಜ್ಜಿ, ಪೇಷೆಂಟ್ ಅವರು, ನೀವಲ್ಲ ಎಂದು ನನ್ನನ್ನು ಎಬ್ಬಿಸಿದಳು.

ಅದಕ್ಕೇ ಇವತ್ತು ಆ ಕಿಟಕಿಗೆ ಹೋದದ್ದು. ನೀನು ಗುರುವಾರ ಆಯೋಗಕ್ಕೆ ಹೋಗುವ ಮೊದಲು, ಈ ಕಾಗದ ಕೈಗೆ ಸಿಕ್ಕ ದಿನವೇ, ಅವರ ಹತ್ತಿರ ಹೋಗು. ಸಂಜೆ ನಾಲ್ಕರಿಂದ ಆರರವರೆಗೆ ಬಿಡುತ್ತಾರೆ. ನನ್ನ ಹತ್ತಿರ ಮೊದಲು ಬರಬೇಡ. ನನ್ನ ಜೊತೆ ಜಗಳ ಆಡಲು ನಿನಗೆ ದಿನಗಳಿವೆ, ಅವರಿಗೆ ಹೆಚ್ಚು ದಿನ ಇಲ್ಲ. ಏನು ಹೇಳಬೇಕೆಂದು ತೋಚದಿದ್ದರೆ ಮಾಮಾ ಅಂತ ಕರೆದು ಪಕ್ಕದಲ್ಲಿ ಕೂತುಕೋ, ಸಾಕು.

ನನಗೆ ಕ್ಷಮೆ ಬೇಕು ಎಂದು ಇದನ್ನು ಬರೆಯುತ್ತಿಲ್ಲ ಎಂದು ಬರೆಯಲು ಹೊರಟೆ. ಬೇಕು ಕಣೇ. ಯಾಕೆ ಸುಳ್ಳು ಹೇಳಲಿ, ತುಂಬಾ ಬೇಕು. ಆದರೆ ಕೇಳುವ ಬಾಯಿ ನನಗಿಲ್ಲ. ಭಾನುವಾರ ಬಾಗಿಲು ತೆರೆದಿಟ್ಟುಕೊಂಡಿರುತ್ತೇನೆ. ಬಂದರೆ ಬೈಯಲಿಕ್ಕಾದರೂ ಬಾ.

ನೀನು ಏನೆಂದು ಕರೆದರೂ ಓಗೊಡುವ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಗುರುವಾರ ನಿನಗೆ ಹೇಗಿದ್ದರೂ ಕಾಣಿಸುತ್ತದೆ, ನನ್ನಿಂದಲೇ ಗೊತ್ತಾಗಲಿ. ನಲವತ್ತಮೂರನೆಯ ಪುಟದ ಅಂಚಿನಲ್ಲಿ ನೀಲಿ ಶಾಯಿಯ ಒಂದು ತಿದ್ದುಪಡಿ ಇದೆ. ನಿನ್ನ ಅಪ್ಪನ ವಯಸ್ಸನ್ನು ಮೂವತ್ತೊಂಬತ್ತು ಎಂದು ಟೈಪ್ ಮಾಡಿದ್ದರು. ಅದನ್ನು ಹೊಡೆದು, ಪಕ್ಕದಲ್ಲಿ ಮೂವತ್ತೇಳು ಎಂದು ಬರೆದು, ಅದರ ಕೆಳಗೆ ನನ್ನ ಮೊದಲಕ್ಷರ ಹಾಕಿದ್ದೇನೆ. ಓದಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ವಯಸ್ಸು ತಪ್ಪಿದೆ ಎಂದು ಪೆನ್ನು ಕೇಳಿ ಇಸಿದುಕೊಂಡು ತಿದ್ದಿದೆ, ಉಳಿದದ್ದನ್ನು ಹಾಗೆಯೇ ಬಿಟ್ಟು ಸಹಿ ಹಾಕಿದೆ. ಆ ಹಾಳೆಯನ್ನು ನಿನ್ನ ಅಪ್ಪನಿಗೂ ತೋರಿಸಿದ್ದರು. ಕೊನೆಯ ಭೇಟಿಯಲ್ಲಿ ಜಾಲರಿಯ ಆಚೆ ಕೂತು, ನನ್ನ ವಯಸ್ಸು ಸರಿ ಮಾಡಿದ್ದೀಯಲ್ಲ ಎಂದರು. ಅದರ ಬಗ್ಗೆ ಬೇರೆ ಏನೂ ಕೇಳಲಿಲ್ಲ. ಆಮೇಲೆ ನೀನು ಶಾಲೆಗೆ ಸರಿಯಾಗಿ ಹೋಗುತ್ತಿದ್ದೀಯಾ ಎಂದು ವಿಚಾರಿಸಿದರು.