ಗಾಲಿ ಎತ್ತುವವನ ತಾಯಿ

ಮಮದಾಪುರ, ತಾ. ಗೋಕಾಕ
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಸೊಸೆ ಶೈಲಾಗೆ ನಿನ್ನ ಅತ್ತೆಯ ಆಶೀರ್ವಾದ.

ಹೇಗಿದ್ದೀಯವ್ವಾ? ನಮ್ಮ ಕಾಜಲ್‌ಳ ಕೈ ಹೇಗಿದೆ? ಪ್ಲಾಸ್ಟರಿನ ಒಳಗೆ ತುರಿಸುತ್ತದೆ ಎಂದು ಅಳುತ್ತಾಳಂತೆ. ನಿನ್ನ ತವರು ಘೋಡಗೇರಿಯಿಂದ ಇಲ್ಲಿ ತನ್ನ ಮಗಳ ಮನೆಗೆ ಬಂದಿರುವ ಕೆಂಪವ್ವ ಹೇಳಿದಳು. ಕಡ್ಡಿ ಹಾಕಿ ಕೆರೆಯಲು ಬಿಡಬೇಡ, ಮೇಲಿನಿಂದ ಮೆಲ್ಲಗೆ ತಟ್ಟು. ನಾಲ್ಕು ವರ್ಷದ ಕೂಸಿಗೆ ಏನು ತಿಳಿದೀತು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಉಣ್ಣುತ್ತೇವೆ, ಮಲಗುತ್ತೇವೆ, ಅಷ್ಟೇ. ಫೋನ್ ಮಾಡೋಣವೆಂದರೆ ನಿನ್ನ ಗಂಡ ಬಾಜೂಕ್ಕೆ ಕೂತು ಸ್ಪೀಕರ್ ಹಾಕಿಸುತ್ತಾನೆ. ಅದಕ್ಕೇ ಈ ಪತ್ರ ಬರೆದು ಕೆಂಪವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸೋಮವಾರ ಹಿರಿಯರು ನಿನ್ನನ್ನು ಕರೆಯಲು ಬರುತ್ತಾರೆ. ನಿನ್ನೆ ನಮ್ಮ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಎಲ್ಲ ತೀರ್ಮಾನ ಮಾಡಿದರು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಆದದ್ದು ಅವರ ಪ್ರಕಾರ ಏನು ಗೊತ್ತೇ? ದೃಷ್ಟಿಯಂತೆ! ಭೂತಾಯಿಗೆ ಚರಗ ಚೆಲ್ಲಿ, ಉಂಡು ಎದ್ದ ಮೇಲೆ ಹುಡುಗರು "ಅಣ್ಣಾ, ಗಾಲಿ ಎತ್ತಿ ತೋರ್ಸೋ" ಎಂದು ಮೊಬೈಲ್ ಹಿಡಿದು ನಿಂತದ್ದು ಯಾರ ನೆನಪಿನಲ್ಲೂ ಇಲ್ಲ. ಕಬ್ಬು ತುಂಬಿದ ಎರಡು ಟ್ರೇಲರ್ ಹಿಂದೆ ಕಟ್ಟಿಕೊಂಡು, ಮಗಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು, ಕ್ಲಚ್ ಒಮ್ಮೆಲೇ ಬಿಟ್ಟು ಟ್ರ್ಯಾಕ್ಟರಿನ ಮೂತಿಯನ್ನು ಮುಗಿಲಿಗೆ ಎತ್ತಿದವನು ನನ್ನ ಮಗ ಶಿವಪುತ್ರನಲ್ಲ, ಯಾರದೋ ಕೆಟ್ಟ ಕಣ್ಣು! ಕೂಸು ಹೆಂಟೆಯ ಮೇಲೆ ಬಿದ್ದು ಚೀರಿದಾಗ ನೀನು ಅವಳ ಕಡೆ ಓಡಿದೆ, ನಿನಗೆ ಕಂಡಿರಲಿಕ್ಕಿಲ್ಲ. ಅವನು ಇಳಿದು ಮೊದಲು ನೋಡಿದ್ದು ಮುಂದಿನ ಗಾಲಿಯನ್ನು. ನಾನು ಕಣ್ಣಾರೆ ನೋಡಿದೆ. ಈಗ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಕರಿಗೊಂಬೆ ಕಟ್ಟಿದ್ದಾರೆ. ಇನ್ನು ಎಲ್ಲ ಸರಿಹೋಗುತ್ತದಂತೆ.

ಹೆತ್ತವಳು ನಾನು, ಅವನ ಸ್ವಭಾವ ನನಗೆ ತಿಳಿಯದೇ? ಅಪ್ಪನ ಎದುರು ತುಟಿ ಪಿಟಕ್ ಎನ್ನುವುದಿಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನವನು ಗದರಿದರೂ "ಆತ್ರಿ ಸಾಹೇಬ್ರ" ಎಂದು ತಲೆ ತಗ್ಗಿಸುತ್ತಾನೆ. ಆ ಎಲ್ಲ ಸಿಟ್ಟು ಹ್ಯಾಂಡಲ್ ಕೈಗೆ ಸಿಕ್ಕ ಕೂಡಲೇ ಹೊರಬೀಳುತ್ತದೆ. ಹೋದ ವಾರ ನನ್ನನ್ನು ಮೋಟಾರ್ ಸೈಕಲ್ ಮೇಲೆ ಮೂಡಲಗಿ ಸಂತೆಗೆ ಕರೆದುಕೊಂಡು ಹೋದ. ಯಾರೋ ಒಬ್ಬ ಬಾಜೂದಿಂದ ಮುಂದೆ ಹೋದ. ಮುಗಿಯಿತು! "ನನಗ ಸೈಡ್ ಹೊಡಿತಾನ ಮಗಾ" ಎಂದು ಹಲ್ಲು ಕಡಿದು ಬೆನ್ನು ಹತ್ತಿದ. ನಾನು ಹಿಂದೆ ಕೂತು ಬಸವಣ್ಣಾ, ಬಸವಣ್ಣಾ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಸಂತೆಯಲ್ಲಿ ನೋಡಿದರೆ ಆ ಪುಣ್ಯಾತ್ಮ ಕೊತ್ತಂಬರಿ ಚೌಕಾಸಿ ಮಾಡುತ್ತ ನಿಂತಿದ್ದ. ತಾನು ಯಾರನ್ನೋ ಸೋಲಿಸಿ ಬಂದೆ ಎಂಬುದು ಅವನಿಗೆ ಗೊತ್ತೇ ಇಲ್ಲ! ನಾನು ಬೈದರೆ ಇವನು ನಕ್ಕು, "ಯವ್ವಾ, ನನಗೇನೂ ಆಗಂಗಿಲ್ಲ, ನನ್ನ ಕೈ ಪಕ್ಕಾ ಐತಿ" ಎಂದ. ಮಗಳ ಕೈ ಮುರಿದು ಇನ್ನೂ ಹದಿನೈದು ದಿನ ಆಗಿರಲಿಲ್ಲ.

ಇನ್ನು ನಿನ್ನ ಮಾವ. ಊರಿನಲ್ಲೇ ಹೆಚ್ಚು ಕಬ್ಬು ಹೇರಿಕೊಂಡು ಹೋದನೆಂದು ಅಗಸಿ ಬಾಗಿಲಲ್ಲಿ ಶಿವಪುತ್ರನಿಗೂ ಟ್ರ್ಯಾಕ್ಟರಿಗೂ ಮಾಲೆ ಹಾಕಿ ಗುಲಾಲು ಹಾರಿಸಿದರಲ್ಲ, ಆ ಫೋಟೋಕ್ಕೆ ಕಟ್ಟು ಹಾಕಿಸಿ ದೇವರ ಜಗುಲಿಯ ಹತ್ತಿರ ತೂಗುಹಾಕಿದ್ದಾರೆ. "ಗಂಡಸಂದ್ರ ಹಿಂಗಿರಬೇಕು" ಅಂತೆ. ಕಡಿಮೆ ಹೇರಿಕೊಂಡು ನಿಧಾನವಾಗಿ ಓಡಿಸುವ ಲಗಮಪ್ಪನನ್ನು ಹುಡುಗರು ಎತ್ತಿನ ಗಾಡಿ ಎಂದು ಆಡಿಕೊಳ್ಳುತ್ತಾರೆ. ಅವನಿಗೆ ಯಾರೂ ಒಂದು ಹೂವನ್ನೂ ಹಾಕಲಿಲ್ಲ. ಇಂಥ ಊರಿನಲ್ಲಿ ನನ್ನ ಮಗ ಯಾರನ್ನು ನೋಡಿ ತಿದ್ದಿಕೊಳ್ಳಬೇಕು, ನೀನೇ ಹೇಳು.

ಆದರೂ ನಿನ್ನೆ ಎಲ್ಲರ ಮುಂದೆ ಕೊರಳ ಲಿಂಗ ಮುಟ್ಟಿ, "ಇನ್ನ ಗಾಲಿ ಎತ್ತಂಗಿಲ್ಲ, ನನ್ನ ಮಗಳ ಆಣಿ" ಎಂದ. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಲಾರೆ. ಮಗಳೆಂದರೆ ಅವನಿಗೆ ಜೀವ. ಅವಳ ಸಣ್ಣ ಚಪ್ಪಲಿ ಬಾಗಿಲಲ್ಲೇ ಇವೆ, ಎತ್ತಿಡಲು ಬಿಡುವುದಿಲ್ಲ. ನನ್ನ ಕರುಳೂ ಕರಗಿತು. ಆ ಕೂಸಿಲ್ಲದೆ ಮನೆ ಬಿಕೋ ಎನ್ನುತ್ತದೆ. ಹಿರಿಯರು ಬಂದಾಗ ಹೆಚ್ಚು ಎಳೆದಾಡಬೇಡ, ಬಂದುಬಿಡು. ನಾನು ಬದುಕಿರುವ ತನಕ ಅವಳನ್ನು ಟ್ರ್ಯಾಕ್ಟರಿನ ಸನಿಹ ಬಿಡುವುದಿಲ್ಲ.

ನಿನ್ನ ಅಪ್ಪ ಅವ್ವನಿಗೆ ನನ್ನ ಶರಣು ಹೇಳು. ಕಾಜಲ್‌ಳ ಎರಡೂ ಕೆನ್ನೆಗೆ ಒಂದೊಂದು ಮುತ್ತು ಕೊಡು. ಮುತ್ತೈದೆಯಾಗಿ ಬಾಳು ಎಂದು ನಿನ್ನನ್ನು ಹರಸುತ್ತೇನೆ. ನನ್ನ ಮಗನಿಗೂ ಅದು ಕೇಳಿಸಲಿ.

ನಿನ್ನ ಅತ್ತೆ,
ಶಿವಗಂಗವ್ವ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಶಿವಪುತ್ರ ಅಂಗಳದಿಂದ "ಯವ್ವಾ, ಲಗೂನ ಬಾ" ಎಂದು ಕೂಗಿದ. ಗೋಕಾಕಿನಲ್ಲಿ ವೆಲ್ಡಿಂಗ್ ಮಾಡಿಸಿ ಮಡ್‌ಗಾರ್ಡ್ ಮೇಲೆ ಒಂದು ಪುಟ್ಟ ಕುರ್ಚಿ ಕೂರಿಸಿಕೊಂಡು ಬಂದಿದ್ದಾನೆ. ಮೆತ್ತನೆಯ ಗಾದಿ, ಸೊಂಟಕ್ಕೆ ಬೆಲ್ಟು, ಬೆನ್ನಿಗೆ ಬಣ್ಣದಲ್ಲಿ ಕಾಜಲ್ ಎಂದು ಹೆಸರು. "ಈಗ ಎಷ್ಟ ಎತ್ತಿದ್ರೂ ಬೀಳಂಗಿಲ್ಲ ನೋಡ ಬೇ" ಎಂದ. ಖುಷಿಯಿಂದ ಮುಖ ಅರಳಿತ್ತು. ನಿನ್ನ ಮಾವ ಆ ಕುರ್ಚಿಗೆ ಊದಿನಕಡ್ಡಿ ಬೆಳಗುತ್ತಿದ್ದಾರೆ. ಮತ್ತೊಮ್ಮೆ ಬರೆಯಲು ಹೊತ್ತಿಲ್ಲ, ಕೆಂಪವ್ವ ಬಸ್ಸಿಗೆ ಹೊರಟು ನಿಂತಿದ್ದಾಳೆ. ಶೈಲಾ, ಬಂದುಬಿಡು ಎಂದು ಮೇಲೆ ಬರೆದದ್ದನ್ನು ಮರೆತುಬಿಡು. ಸೋಮವಾರ ಯಾರು ಬಂದರೂ, ಅವರ ಜೊತೆ ನಾನೇ ಬಂದು ಕೈ ಹಿಡಿದು ಕರೆದರೂ, ಕೂಸನ್ನು ಕಳಿಸಬೇಡ.